ಯಾವ ಕೈ ಮೊದಲು

ಶ್ರೀರಾಂಪುರ
15-2-1986

ಮಲ್ಲಕ್ಕನ ಅಪ್ಪನಿಗೆ ಬರಗೇರಮ್ಮ ಮಾಡುವ ನಮಸ್ಕಾರಗಳು.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕುರಿಮಂದೆ ಈಗ ಯಾರ ಗದ್ದೆಯಲ್ಲಿದೆ ಎಂದೇ ಗೊತ್ತಿರಲಿಲ್ಲ. ನಿನ್ನೆ ಗೊಲ್ಲಪ್ಪ ಮಾವ ಹೇಳಿದ ಮೇಲೆ ಬರೆಯಲು ಕುಳಿತೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಅಂಗಳದಲ್ಲಿ ಮಗಳನ್ನು ನೋಡಿ ಬಂದೆ.

ನೀವು ಹೊರಟ ಮೇಲೆ ಅವಳು ನಾಲ್ಕು ಸಲ ಬಿದ್ದಳು. ಮೂರ್ಛೆ ರೋಗವಂತೆ. ಕಳೆದ ಸೋಮವಾರ ದುರ್ಗದ ಆಸ್ಪತ್ರೆಗೆ ಕರೆದೊಯ್ದಿದ್ದೆ. ಡಾಕ್ಟರಮ್ಮನ ಪ್ರಶ್ನೆ ಒಂದೇ ಎರಡೇ! "ಯಾವ ಕೈ ಮೊದ್ಲು ಅದುರುತ್ತಮ್ಮ? ಕಣ್ಣು ಎತ್ತ ತಿರುಗುತ್ತೆ?" ನನಗೇನು ಗೊತ್ತು? ಬಂದಾಗಲೆಲ್ಲ ನಾನು ಅವಳ ಕೈಗಿಡಲು ಬೀಗದಕೈ ಹುಡುಕುತ್ತಾ ಓಡುತ್ತಿದ್ದೆ, ಅತ್ತೆ ಮೂಗಿಗೆ ಹಿಡಿಯಲು ಈರುಳ್ಳಿ ಜಜ್ಜುತ್ತಿದ್ದರು. "ಕಬ್ಣ ಕೊಡ್ಬೇಡ, ಬಾಯಿಗೇನೂ ತುರುಕ್ಬೇಡ. ಮಗ್ಗಲಿಗೆ ಮಲಗ್ಸಿ ನೋಡ್ತಾ ಕೂತ್ಕೋ" ಎಂದರು ಡಾಕ್ಟರಮ್ಮ. ಹೆತ್ತವಳಿಗೆ ಹೇಳುವ ಮಾತೇ ಅದು?

ಆದರೂ ಗುರುವಾರ ನೋಡಿದೆ. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಬಾಯಿಯ ತುದಿ, ಆಮೇಲೆ ಮೈಯೆಲ್ಲ.

ಡಾಕ್ಟರಮ್ಮ ಹೇಳಿದಂತೆ ಮೂರ್ಛೆಯಲ್ಲಿ ಇನ್ನೊಂದು ಬಗೆಯೂ ಇದೆಯಂತೆ. ಬೀಳುವುದಿಲ್ಲ, ಅದುರುವುದಿಲ್ಲ. ಮಗು ಕಣ್ಣು ಬಿಟ್ಟುಕೊಂಡು ನಿಂತಲ್ಲೇ ನಿಂತು ತುಟಿ ಚಪ್ಪರಿಸುತ್ತದೆ. ಕರೆದರೆ ಕೇಳಿಸದು, ಮುಟ್ಟಿದರೂ ತಿಳಿಯದು. "ಮುಂಚೆ ಹಂಗೇನಾದ್ರೂ ಆಗಿತ್ತಾ? ನೆನಪು ಮಾಡ್ಕೋ, ಮಾತ್ರೆ ಕೊಡೋಕೆ ಅದು ಗೊತ್ತಾಗ್ಬೇಕು" ಎಂದರು. ಇಲ್ಲ ಎಂದೆ.

ಸದ್ಯಕ್ಕೆ ಎರಡು ಹೊತ್ತು ಮಾತ್ರೆ. "ಮಾತ್ರೆ ಯಾಕೆ, ದೇವ್ರತಾವ ಹೋಗಾಣ" ಎಂದು ಅತ್ತೆಯ ವರಾತ. ನಿಲ್ಲಿಸಬಾರದೆಂದು ನೀವೇ ಒಂದು ಮಾತು ಬರೆಯಿರಿ. ಮಂದೆಯನ್ನು ಜೊತೆಗಿರುವ ಓಬಣ್ಣನಿಗೆ ಒಪ್ಪಿಸಿ ಒಮ್ಮೆ ಬಂದು ಹೋಗಿ. ದೇವರು ನಿಮ್ಮನ್ನೂ ಮರಿಗಳನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ
ಬರಗೇರಮ್ಮ

ತಾ.ಕ.: ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ. ದೀಪಾವಳಿಯ ಹಿಂದಿನ ದಿನ, ರೊಟ್ಟಿ ಮಗುಚೇ ಎಂದರೆ ಮಲ್ಲಕ್ಕ ನನ್ನನ್ನೇ ನೋಡುತ್ತಾ ತುಟಿ ಆಡಿಸುತ್ತಾ ನಿಂತಿದ್ದಳು. ರೊಟ್ಟಿ ಸೀಯುತ್ತಿತ್ತು. ಅಣಕಿಸುತ್ತಾಳೆ ಎಂದುಕೊಂಡು, ಹಂಚಿನ ಮೇಲಿದ್ದ ಸಟ್ಟುಗ ತೆಗೆದು ಬಲಗೈಗೆ ಬರೆ ಇಟ್ಟೆ. ಅವಳು ಕೈ ಎಳೆದುಕೊಳ್ಳಲಿಲ್ಲ, ಅಳಲಿಲ್ಲ. ಎಷ್ಟು ಹಠ ಇವಳಿಗೆ ಎಂದು ಇನ್ನೂ ಒತ್ತಿದೆ.

ಬರುವ ಸೋಮವಾರ ಡಾಕ್ಟರಮ್ಮನಿಗೆ ನಿಜ ಹೇಳುತ್ತೇನೆ. ಮೊದಲು ನಿಮಗೆ ಹೇಳಬೇಕಿತ್ತು. ಕಳೆದ ಸಲ ಅವರು ಆ ಕೈ ಹಿಡಿದು "ಇದೇನಮ್ಮ ಕಲೆ?" ಎಂದು ನನ್ನನ್ನು ಕೇಳಿದರು. ಮಲ್ಲಕ್ಕನೇ, ಅವತ್ತು ನಿಮಗೆ ಹೇಳಿದಂತೆಯೇ, ಹೇಳಿದಳು: "ಹಂಚು ತಗಲ್ತು ಕಣ್ರಿ. ನಮ್ಮವ್ವ ಬೆಣ್ಣೆ ಹಚ್ಚಿದ್ಲು."