ತಣ್ಣಗಿದ್ದ ಕಾಲು

ನಾಯಿಗೂಡುಗಳ ಹಿಂದಿನ ಕೋಣೆ,
ತಾ. ೧೪, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಮಂಡಿ ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಕೆ ಎಂದು ಬರೆದಿದ್ದೀಯ. ನರ್ಸಮ್ಮನ ಕಣ್ಣು ತಪ್ಪಿಸಿ ಅದರೊಳಗೆ ಕಡ್ಡಿ ತೂರಿಸಬೇಡ ಪುಣ್ಯಾತ್ಮ, ಚರ್ಮ ಕಿತ್ತರೆ ಒಳಗೇ ಕೀವಾಗುತ್ತದೆ. ಆರು ವಾರ ಕಾಲು ಊರಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಮೂರು ಪುಟ ಗೋಳಾಡಿದ್ದೀಯಲ್ಲ! ನಾಯಿ ತೊಳೆಯುವ ಕಟ್ಟೆಯ ಮೇಲೆ, ಸೋಪಿನ ನೀರಿನಲ್ಲಿ, ಸವೆದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಓಡಾಡಬೇಡ ಎಂದು ಎಷ್ಟು ಸಲ ಹೇಳಿದ್ದೆ? ಇರಲಿ, ಬಿದ್ದವನಿಗೆ ಬುದ್ಧಿ ಹೇಳುವುದು ಸುಲಭ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಬರೆ. ನನ್ನ ಸೊಂಟ ಅದರ ಪಾಡಿಗೆ ಅದಿದೆ. ಕಣ್ಣು ಮಂಜು. ಅದಕ್ಕೇ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಮೊದಲೇನು ಮುತ್ತು ಪೋಣಿಸಿದ ಹಾಗಿತ್ತು ಎಂದು ನಗಬೇಡ.

ಈಗ ಸುದ್ದಿ. ಒಳ್ಳೆಯದಲ್ಲ. ನಮ್ಮ ಬೂದಿ ಶನಿವಾರದ ನಾಯಿ ಓಟದಲ್ಲಿ ಎರಡನೇ ತಿರುವಿನಲ್ಲಿ ಬಿದ್ದಳು. ಬಲ ಹಿಂಗಾಲಿನ ಹರಡು, ಆ ಕಾಲಗಂಟು. ಎಲ್ಲ ನಾಯಿಗಳಿಗೂ ಪೆಟ್ಟಾಗುವ ಅದೇ ಕಾಲು. ದಿನಾ ಎಡಕ್ಕೇ ತಿರುಗಿ ಓಡುವ ಪ್ರಾಣಿಗಳ ಮೈಭಾರವೆಲ್ಲ ತಿರುವಿನಲ್ಲಿ ಆ ಕಾಲಿನ ಮೇಲೇ ಬೀಳುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಬಿದ್ದವಳು ಮಲಗಲಿಲ್ಲ. ಎದ್ದು, ಆ ಕಾಲನ್ನು ಒದ್ದೆ ಬಟ್ಟೆಯ ಹಾಗೆ ನೇತಾಡಿಸಿಕೊಂಡು, ಮೂರು ಕಾಲಿನಲ್ಲಿ ಕೊನೆಯ ಗೆರೆಯವರೆಗೂ ಓಡಿದಳು. ಜನ ಚಪ್ಪಾಳೆ ತಟ್ಟಿದರು ಕಣೋ. ನನ್ನ ಪಕ್ಕದಲ್ಲಿದ್ದವನೊಬ್ಬ, ಬಾಯಲ್ಲಿ ಕಡಲೆಬೀಜ ಜಗಿಯುತ್ತಾ, "ಏನ್ ಗುಂಡಿಗೆ ನೋಡಿ ಅಜ್ಜಿ!" ಎಂದ. ಅವನ ಮುಖದ ಮೇಲೆ ಉಗಿಯಬೇಕೆನಿಸಿತು. ಉಗಿಯಲಿಲ್ಲ, ಬಾಯಿ ಒಣಗಿತ್ತು.

ನಾನು ಅಳುತ್ತಿಲ್ಲ ತಮ್ಮಾ, ಅಸಹ್ಯಪಡುತ್ತಿದ್ದೇನೆ. ಏಕೆಂದು ಕೇಳು. ಅಪ್ಪ ನಮಗೆ ಕಲಿಸಿದ್ದು ಒಂದೇ ಪಾಠ: ಬೆಳಿಗ್ಗೆ ಎದ್ದು ಪ್ರತಿ ನಾಯಿಯ ನಾಲ್ಕೂ ಕಾಲನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡು, ತಣ್ಣಗಿದ್ದರೆ ಓಡಲಿ, ಬೆಚ್ಚಗಿದ್ದರೆ ಮಲಗಲಿ. ಮೂವತ್ತೆಂಟು ವರ್ಷ ಈ ಕೈ ಮುಟ್ಟಿದೆ, ನಾಯಿ ಓಡಬಹುದೆಂಬ ಬೆಳಗಿನ ಚೀಟಿಗೆ ನಾನೇ ಸಹಿ ಹಾಕಿದ್ದೇನೆ. ನನ್ನ ಸಹಿ ಇಲ್ಲದೆ ನಮ್ಮ ಗೂಡಿನ ನಾಯಿ ಹೊರಗೆ ಹೋದದ್ದಿಲ್ಲ. ಎಕ್ಸ್‌ರೇಗಿಂತ ಅಕ್ಕನ ಕೈ ಮೇಲು ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗಿದವನು, ನಾನು ಅದನ್ನು ನಂಬಿ ಉಬ್ಬಿದವಳು. ಶನಿವಾರ ಬೆಳಿಗ್ಗೆ ಬೂದಿಯ ಹಿಂಗಾಲುಗಳು ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿದ್ದವು. ಕೂದಲು ಒದ್ದೆಯಿತ್ತು. ನಿನ್ನ ಮಗ, ನಲವತ್ತು ದಾಟಿದರೂ ನಮಗೆಲ್ಲ ಪುಟ್ಟನೇ ಆಗಿರುವ ಆ ಮಹಾನುಭಾವ, "ಕೆಸರು ಮೆತ್ಕೊಂಡಿತ್ತು ಅತ್ತೆ, ತೊಳೆದೆ" ಎಂದ. ಮಳೆ ಬಂದು ತಿಂಗಳಾಗಿದೆ. ಕೆಸರು ಎಲ್ಲಿಂದ ಬಂತೋ ಎಂದು ಕೇಳುವಷ್ಟು ಬುದ್ಧಿ ನನಗೆ ಬರಲಿಲ್ಲ. ತಣ್ಣಗಿದೆಯಲ್ಲ ಎಂದು ಖುಷಿಯಾಗಿ ಸಹಿ ಹಾಕಿ, ಅವಳ ಕಿವಿ ಸವರಿ ಕಳಿಸಿದೆ.

ಬಿದ್ದ ಮೇಲೆ ಪಟ್ಟಿಗೆಂದು ಬಟ್ಟೆ ಹುಡುಕುತ್ತಾ ನಾಯಿಗಳ ಆಹಾರದ ಕೋಣೆಗೆ ಹೋದರೆ, ಗೋಣಿಚೀಲದ ಕೆಳಗೆ ತೊಟ್ಟಿ. ಅದರಲ್ಲಿ ಇನ್ನೂ ಕರಗದ ಐಸಿನ ಗಡ್ಡೆಗಳು, ಮೇಲೆ ಬೂದುಬಣ್ಣದ ಕೂದಲು ತೇಲುತ್ತಿತ್ತು. ಗುರುವಾರದಿಂದಲೇ ಆ ಹರಡು ಊದಿತ್ತಂತೆ. ಬೆಚ್ಚಗಿದ್ದದ್ದು ನನ್ನ ಕೈಗೆ ಸಿಗಬಾರದೆಂದು ನಾನು ಏಳುವ ಮೊದಲು ಪುಟ್ಟ ಅರ್ಧ ಗಂಟೆ ಅವಳನ್ನು ಐಸಿನಲ್ಲಿ ನಿಲ್ಲಿಸುತ್ತಿದ್ದ. ಒಂದೇ ಕಾಲು ತಣ್ಣಗಿದ್ದರೆ ಮುದುಕಿಗೆ ಅನುಮಾನ ಬಂದೀತೆಂದು ಎರಡನ್ನೂ! ಊದಿದ ಕಾಲಿಗೆ ಐಸು ಇಡುವುದು ನಾನೂ ಮಾಡುವ ಮದ್ದೇ. ಇಟ್ಟು ಮಲಗಿಸುತ್ತೇವೆ. ಇವನು ಮದ್ದಿನ ಬಾಯಲ್ಲೇ ಸುಳ್ಳು ಹೇಳಿಸಿದ. ಕೇಳಿದರೆ, "ನಾಯಿಗೆ ಅಷ್ಟೊಂದು ನೋವು ಗೊತ್ತಾಗಲ್ಲ ಅತ್ತೆ, ಅದಕ್ಕೆ ಓಡೋದೇ ಖುಷಿ" ಎಂದ. "ನಿನಗೆ ಹಲ್ಲುನೋವು ಬಂದಾಗ ಇಡೀ ಬೀದಿ ಎದ್ದು ಕೂತಿತ್ತಲ್ಲೋ" ಎಂದೆ. ಆಗ ಅವನು ಇನ್ನೊಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ಅವನು ಮುಟ್ಟಿದ ಲೋಟದಲ್ಲಿ ನೀರು ಕುಡಿಯಲು ಆಗುತ್ತಿಲ್ಲ. ನನ್ನ ಕೈಯನ್ನು ದಿನಕ್ಕೆ ಹತ್ತು ಸಲ ತೊಳೆಯುತ್ತೇನೆ, ಅದೂ ಹಿತವಾಗುತ್ತಿಲ್ಲ.

ನಾಯಿ ಡಾಕ್ಟರಮ್ಮ ಬಂದು ನೋಡಿದಳು. ಹರಡಿನೊಳಗಿನ ಚಿಕ್ಕ ಮೂಳೆ ಸೀಳಿದೆ. ಎಂಟು ವಾರ ಪಟ್ಟಿ, ಕಟ್ಟಿಹಾಕಿದ ವಿಶ್ರಾಂತಿ. ಆಮೇಲೆ ಹಗ್ಗ ಹಿಡಿದು ಮೊದಲ ದಿನ ಐದು ನಿಮಿಷ ನಡಿಗೆ, ಮುಂದಿನ ವಾರ ಹತ್ತು. "ಓಟ ಮುಗೀತು ಅಜ್ಜಿ, ಆದ್ರೆ ನಾಯಿ ಮುಗಿದಿಲ್ಲ. ಚೆನ್ನಾಗಿ ಓಡಾಡ್ತಾಳೆ" ಎಂದಳು. ಓಟ ಮುಗೀತು ಎಂಬ ಅರ್ಧ ಮಾತ್ರ ಪುಟ್ಟನ ಕಿವಿಗೆ ಬಿತ್ತು. ಓಡದ ನಾಯಿಯನ್ನು ಇಟ್ಟುಕೊಂಡು ಪೂಜೆ ಮಾಡಬೇಕಾ, ಒಂದು ಸೂಜಿಯಲ್ಲಿ ಮುಗಿಸಿಬಿಡಿ ಎಂದ. ಯಜಮಾನರ ಸಹಿ ಇಲ್ಲದೆ ಆ ಸೂಜಿ ಮುಟ್ಟುವುದಿಲ್ಲ ಎಂದು ಆ ಹುಡುಗಿ ಪೆಟ್ಟಿಗೆ ಮುಚ್ಚಿಕೊಂಡು ಹೋದಳು. ಅವಳ ಹೊಟ್ಟೆ ತಣ್ಣಗಿರಲಿ.

ಬೂದಿ ಈಗ ನನ್ನ ಮಂಚದ ಕೆಳಗಿದ್ದಾಳೆ. ನಾನು ಕೈ ಇಳಿಬಿಟ್ಟರೆ ನೆಕ್ಕುತ್ತಾಳೆ, ಸಹಿ ಹಾಕಿದ ಅದೇ ಕೈಯನ್ನು. ಹಿಂದೆ ಹೀಗೇ ಓಟದಲ್ಲಿ ಬಿದ್ದ ನಮ್ಮ ಬಿಳಿಗಾಲಿಯ ನೆನಪಾಗುತ್ತದೆ. ಅವಳನ್ನು ಸೂಜಿ ಹಾಕಿ ಮಲಗಿಸಿದಾಗ ನೀನು ಮೂರು ದಿನ ಅನ್ನ ಬಿಟ್ಟಿದ್ದೆ. ನನ್ನ ತಮ್ಮನದು ಎಂಥ ಮೆತ್ತನೆ ಮನಸ್ಸು ಎಂದುಕೊಂಡಿದ್ದೆ.

ನರ್ಸಮ್ಮನಿಗೂ, ಗೊರಕೆಯಿಂದ ನಿನ್ನ ನಿದ್ದೆ ಕೆಡಿಸುವ ಪಕ್ಕದ ಹಾಸಿಗೆಯವರಿಗೂ ನನ್ನ ನಮಸ್ಕಾರ. ನಿನ್ನ ಮೂಳೆ ಬೇಗ ಕೂಡಲಿ, ನಿನ್ನ ಕಾಲ ಮೇಲೆ ನೀನು ನಡೆದು ಮನೆಗೆ ಬಾ.

ಇಂತು ಹರಸುವ
ನಿನ್ನ ಅಕ್ಕ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಭಾನುವಾರ ಪುಟ್ಟ ಹಣ್ಣಿನ ಚೀಲ ಹಿಡಿದು ನಿನ್ನನ್ನು ನೋಡಲು ಬರುತ್ತಾನೆ. ಹಣ್ಣಿನ ಕೆಳಗೆ ಬೂದಿಯ ಸೂಜಿಯ ಕಾಗದ ಇರುತ್ತದೆ, ಗುಣವಾಗದ ಗಾಯ ಎಂದು ತಾನೇ ಬರೆದಿದ್ದಾನೆ, ಯಜಮಾನರ ಸಹಿಯ ಜಾಗ, ಅಂದರೆ ನಿನ್ನದು, ಮಾತ್ರ ಖಾಲಿ. ನಿನ್ನ ಮಗ ಅಂದು ಹೇಳಿದ ಇನ್ನೊಂದು ಮಾತು ಇದು: "ಈ ಐಸಿನ ಕೆಲಸ ಅಪ್ಪನೇ ತೋರಿಸಿಕೊಟ್ಟಿದ್ದು." ಬಿಳಿಗಾಲಿ ಬಿದ್ದ ದಿನದ ಬೆಳಿಗ್ಗೆಯೂ ಅವಳ ಕೂದಲು ಒದ್ದೆಯಿತ್ತು ತಮ್ಮಾ, ನಿನ್ನೆಯಷ್ಟೇ ನೆನಪಾಯಿತು. ಆ ಚೀಟಿಗೂ ನಾನು ಸಹಿ ಹಾಕಿದ್ದೆ, ಸೂಜಿಯ ಕಾಗದಕ್ಕೆ ನೀನು ಹಾಕಿದ್ದೆ. ಹೌದೋ ಅಲ್ಲವೋ ಎಂದು ನನಗೆ ಬರೆಯುವುದೇನೂ ಬೇಡ. ಹಣ್ಣು ತಿನ್ನು. ಸಹಿ ಹಾಕಬೇಡ.