ಬೀಗ ತೆಗೆದ ನಾಯಿ

ಬೀಗದ ಅಂಗಡಿಯ ಹಿಂದಿನ ಕೋಣೆ,
ನವೆಂಬರ್ ೧೮, ಮಂಗಳವಾರ, ಗಿರಾಕಿಗಳಿಲ್ಲದ ಮಧ್ಯಾಹ್ನ

ಪ್ರೀತಿಯ ಅಣ್ಣಾ (ಮುಖಪುಟದ ಮರ್ಯಾದೆಗೆ ತಕ್ಕಂತೆ ಹೇಳುವುದಾದರೆ, ಶ್ರೀಮಾನ್ ಕಾದಂಬರಿಕಾರರ ದಿವ್ಯ ಸನ್ನಿಧಾನಕ್ಕೆ),

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಆ ಬಾಡಿಗೆ ಕೋಣೆಯಲ್ಲಿ ಮಂಚವೇ ಮೇಜು ಎಂದು ನೀನೇ ಬರೆದಿದ್ದೆ. ಮಂಚದ ಮೇಲೆ ಕುಕ್ಕರಿಸಿಕೊಂಡು ಗೂಢಚಾರರನ್ನು ಓಡಿಸಿದರೆ ಬೆನ್ನು ಪಾಪ ಏನು ಮಾಡಬೇಕು? ಅಮ್ಮ ಒಂದು ದಿಂಬು ಹೊಲಿಯುತ್ತಿದ್ದಾಳೆ. "ಹೊಟ್ಟೆಗೆ ಸರಿಯಾಗಿ ತಿಂತಾನಾ ಕೇಳು. ಸುಳ್ಳು ಹೇಳಿದ್ರೆ ಅವನ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾಳೆ. ಅವಳ ಮಂಡಿ ಹಾಗೇ ಇದೆ. ನನ್ನ ಆರೋಗ್ಯ ಉತ್ತಮ, ಬುದ್ಧಿಯ ವಿಷಯ ಮುಂದೆ ನಿನಗೇ ತಿಳಿಯುತ್ತದೆ. ಎರಡನೆಯ ಭಾಗ ಮುಗಿಯುವ ತನಕ ಫೋನ್ ಆರಿಸಿಟ್ಟು ಋಷಿಯಾಗಿ ಕೂತಿದ್ದೀಯ, ಹಾಗಾಗಿ ಈ ಕಾಲದಲ್ಲೂ ನಿನ್ನ ತಂಗಿ ಅಂಚೆಚೀಟಿ ನೆಕ್ಕುವಂತಾಗಿದೆ.

ಈಗ ನಿನ್ನ ಪ್ರಶ್ನೆಗೆ ಬರೋಣ. ತಮ್ಮ ಕಂಪ್ಯೂಟರ್ ಗೇಮನ್ನು ನಿನ್ನಿಂದ ಕಾದಂಬರಿಯಾಗಿ ಬರೆಸುತ್ತಿರುವ ಕಂಪನಿಯವರು ಮುಂದಿನ ಭಾಗದಲ್ಲಿ ಗೂಢಚಾರರ ಮೇಲಧಿಕಾರಿಯಾದ ಚೀಫ್‌ನ ಗತಿ ಏನಾಗಬೇಕೆಂದು ಓದುಗರ ವೋಟು ಕೇಳಿದ್ದಾರೆ, ಬಹುಮತ ಬಂದಂತೆ ಬರೆಯಬೇಕಂತೆ, ನೀನೇನಂತೀಯ ಎಂದು ಕೇಳಿದ್ದೆ. ಅಯ್ಯಾ, ಓದುಗ ಮಹಾಪ್ರಭುಗಳು ಮೊದಲ ಭಾಗಕ್ಕೆ ನೆಟ್ಟಿನಲ್ಲಿ ಬರೆದ ಅಭಿಪ್ರಾಯಗಳನ್ನೆಲ್ಲ ಒಂದೂ ಬಿಡದೆ ಓದಿದ್ದೇನೆ. ಗೇಮಿನಲ್ಲಿ ಇಷ್ಟೊಂದು ಬಂದೂಕುಗಳಿರುವಾಗ ಕಾದಂಬರಿಯಲ್ಲಿ ಎರಡೇ ಯಾಕೆ, ಇದು ಮೋಸ ಎಂದು ಒಬ್ಬರು. ಮೊದಲ ಅರ್ಧದಲ್ಲಿ ಒಬ್ಬರೂ ಸಾಯುವುದಿಲ್ಲ, ಓದುಗರಿಗೆ ಕೆಲಸ ಕಾರ್ಯ ಇಲ್ಲವೇ ಎಂದು ಇನ್ನೊಬ್ಬರು. ಪಾರ್ಸೆಲ್ ಒದ್ದೆಯಾಗಿ ಬಂದಿದ್ದಕ್ಕೆ ಪುಸ್ತಕ ಬಿಚ್ಚದೆಯೇ ಒಂದು ನಕ್ಷತ್ರ ಕೊಟ್ಟವರೊಬ್ಬರು. ಅವರದು ತಪ್ಪಿಲ್ಲ ಬಿಡು. ವೈರ್‌ಲೆಸ್ ಹುಡುಗಿಯ ಪಾತ್ರ ತೀರಾ ಸಪ್ಪೆ, ಮೂರನೆಯ ಅಧ್ಯಾಯದಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಬರೆದವನ ವಿಳಾಸ ಮಾತ್ರ ನನಗೆ ಬೇಕು. ಆ ಹುಡುಗಿ ಯಾರೆಂದು ನನಗೆ ಗೊತ್ತು, ನಿನಗೂ ಗೊತ್ತು.

ಎಲ್ಲರೂ ಒಂದೇ ಬಾಯಲ್ಲಿ ಹೊಗಳಿರುವುದು ಚೀಫ್‌ನನ್ನು. ಹೊಗಳಿಕೆ ಎಂದರೆ, ಹಾವನ್ನು ಹೊಗಳಿದ ಹಾಗೆ. ಗೇಮಿನಲ್ಲಿ ಅವನಿಗೆ ಮುಖವೇ ಇರಲಿಲ್ಲ, ಬರೀ ದನಿ. ಮುಖ ಬೇಕೆಂದು ನೀನು ದೂರವೇನೂ ಹುಡುಕಲಿಲ್ಲ, ಅಪ್ಪನದನ್ನೇ ತೆಗೆದು ಅಂಟಿಸಿದೆ. ಇಲ್ಲ ಎನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, "ಆಯ್ತು, ನೋಡೋಣ" ಎನ್ನುವುದು, ಎಲ್ಲವೂ ಇದೆ. ಬೀಗದ ಕೆಲಸ ಬಿಟ್ಟು ಬರೆಯುತ್ತೇನೆಂದು ನೀನು ಹೇಳಿದ ದಿನದಿಂದ ಮನೆ ಬಿಡುವ ದಿನದವರೆಗೆ ಅಪ್ಪ ನಿನ್ನೊಡನೆ ನೇರವಾಗಿ ಒಂದು ಮಾತೂ ಆಡಲಿಲ್ಲವಲ್ಲ, ಅದೂ ಇದೆ. ಒಂದೇ ಮೇಜು, ನಡುವೆ ಮೊಳ ದೂರ, ಆದರೂ "ಅವನಿಗೆ ಹೇಳು, ಉಪ್ಪಿನ ಡಬ್ಬಿ ಈ ಕಡೆ ಕೊಡಲಿ ಅಂತ." ನಾನು ಗಂಭೀರವಾಗಿ, "ಅಣ್ಣಾ, ಉಪ್ಪಿನ ಬಗ್ಗೆ ಮೇಲಿನಿಂದ ಆಜ್ಞೆ ಬಂದಿದೆ" ಎನ್ನುತ್ತಿದ್ದೆ. ನನಗೆ ಅದು ಆಟವಾಗಿತ್ತು. ನಿನಗೆ ಏನಾಗಿತ್ತೆಂದು ನಿನ್ನ ಏಳನೆಯ ಅಧ್ಯಾಯ ಓದಿದ ಮೇಲೆ ಗೊತ್ತಾಯಿತು. ಎದುರಿಗೇ ಕೂತ ಗೂಢಚಾರನಿಗೆ ಚೀಫ್ ವೈರ್‌ಲೆಸ್ ಹುಡುಗಿಯ ಮೂಲಕ ಮಾತು ಕಳಿಸುವ ಆ ಪುಟಗಳನ್ನು ಓದಿ ಒಬ್ಬಾಕೆ ಬರೆದಿದ್ದಾಳೆ: "ಗುಂಡು ಹಾರಿಸುವ ಖಳನನ್ನು ಕ್ಷಮಿಸಬಹುದು, ಇವನನ್ನು ಆಗುವುದಿಲ್ಲ."

ಅಪ್ಪ ನಿನ್ನ ಪುಸ್ತಕ ಓದಿರಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಂದವರಿಗೆಲ್ಲ ಕಾಣುವಂತೆ ನಿಲ್ಲಿಸಿದ್ದರು, ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. "ಅವನಾಗೇ ಕೈಗೆ ಕೊಟ್ಟಿಲ್ಲ, ನಾನ್ಯಾಕೆ ಓದ್ಲಿ?" ಎಂಬುದು ಅವರ ವಾದ. ಆದರೆ ಊರ ಜನ ಏನಂತಾರೆ ಎಂದು ಕೇಳಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡವಂತೆ. ಹೀಗಾಗಿ ಪ್ರತಿ ಸಂಜೆ ಅರ ಪಕ್ಕಕ್ಕಿಟ್ಟು, ಕೈಯ ಲೋಹದ ಪುಡಿ ಕೊಡವಿ, "ಓದು ಪುಟ್ಟಿ, ಇವತ್ತೇನು ಬಂತು?" ಎಂದು ಸರಿ ಇರುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂರುತ್ತಿದ್ದರು. ಪಕ್ಕದ ಫೋಟೋ ಫ್ರೇಮಿನ ಅಂಗಡಿಯವರೂ ಸ್ಟೂಲು ಎಳೆದುಕೊಂಡು ಬರುತ್ತಿದ್ದರು. ಈಗ ಹೇಳು, ನಾನು ಏನು ಓದಬೇಕಿತ್ತು? "ಈ ಮುದುಕನ ಗಂಟಲಿನ ಸದ್ದಿಗೇ ನನ್ನ ಕೈ ತಣ್ಣಗಾಯಿತು" ಎಂದು ಅಪ್ಪನ ಎದುರು ಓದಲೇ? ನಿನ್ನ ಕಾದಂಬರಿಯಲ್ಲಿ ಗಡಿಯ ಠಾಣೆಯಲ್ಲಿ ಒಂದು ಕಾವಲು ನಾಯಿ ಬರುತ್ತದಲ್ಲ, ನಾನು ಚೀಫ್ ಎಂದಿದ್ದಲ್ಲೆಲ್ಲ ನಾಯಿ ಎಂದು ಓದಿಬಿಟ್ಟೆ. "ಈ ನಾಯಿ ಕೋಣೆಗೆ ಬಂದರೆ ಸಾಕು, ಉಸಿರು ನಿಲ್ಲುತ್ತದೆ." "ಇಂಥ ನಾಯಿಯ ಕೈಕೆಳಗೆ ನಾನೂ ಬೆಳೆದಿದ್ದೇನೆ." ಇದು ಕೇಳಿ ಫ್ರೇಮಿನವರು ತಲೆ ಕೆರೆದುಕೊಂಡರು. ಅಪ್ಪನಿಗೆ ಮಾತ್ರ ಪರಮಾನಂದ. "ನೋಡಿದ್ರಾ, ಒಂದು ನಾಯೀನೂ ಬಿಡದೆ ಹೇಗೆ ಬರ್ದಿದಾನೆ ನಮ್ಮೋನು!" ನಮ್ಮೋನು ಎಂದರು, ಅಣ್ಣಾ. ಆ ಒಂದು ಪದ ಕೇಳುವ ಆಸೆಗೆ ನಾನು ಇನ್ನೂ ನಾಲ್ಕು ಸಂಜೆ ನಾಯಿಯನ್ನು ಬೆಳೆಸಿದೆ.

ಕಳೆದ ವಾರ ಒಬ್ಬ ಓದುಗ ತುಂಬ ಮೆಚ್ಚಿ, ಉದ್ದವಾಗಿ ಬರೆದಿದ್ದ. ಬೈಗುಳ ಒಂದೂ ಇಲ್ಲ. ನಾನು ಹುರುಪಿನಲ್ಲಿ ಮುಂದೇನಿದೆ ಎಂದು ನೋಡದೆ ಓದುತ್ತಾ ಹೋದೆ: "ನಾಯಿ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ, ಅದರ ತುದಿಯನ್ನು ಬೀಗಕ್ಕೆ ತಾಗಿಸಿ, ಒಳಗಿನ ಅಲುಗಾಟವನ್ನು ದವಡೆಯಲ್ಲೇ ಕೇಳಿಸಿಕೊಂಡು ಬೀಗ ತೆಗೆಯುವ ದೃಶ್ಯ ಅದ್ಭುತ." ಫ್ರೇಮಿನವರು "ನಾಯಿ ಬೀಗ ತೆಗೀತಾ?" ಎಂದು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಎಡಗಿವಿ ಮಂದವಾದ ಮೇಲೆ ಅವರೇ ಕಂಡುಕೊಂಡ ಉಪಾಯ ಅದು. ಬೇರೆ ಯಾವ ಬೀಗದವರೂ ಹಾಗೆ ಮಾಡುವುದನ್ನು ನಾವು ನೋಡಿಲ್ಲ. ನನ್ನ ಕಡೆ ತಿರುಗಿ, "ಇಷ್ಟು ದಿನ ಓದಿದ್ದೂ ಇದೇ ನಾಯೀನಾ?" ಎಂದು ಕೇಳಿದರು.

ಅಪ್ಪ ಎದ್ದು ಪುಸ್ತಕದ ಪ್ಲಾಸ್ಟಿಕ್ ಹರಿದರು. ಮೂರು ದಿನ ಓದಿದರು, ಗಿರಾಕಿಗಳ ಎದುರಿಗೂ ಓದಿದರು. ಬೀಗ ಜಡಿದ ಪೆಟ್ಟಿಗೆ ಹೊತ್ತು ತಂದವರನ್ನು "ನಾಳೆ ಬನ್ನಿ" ಎಂದು ಕಳಿಸಿದರು. ಏಳನೆಯ ಅಧ್ಯಾಯಕ್ಕೆ ಬಂದಾಗ ನಾನು ಚಹಾ ಕೊಡುವ ನೆಪದಲ್ಲಿ ಪಕ್ಕದಲ್ಲೇ ನಿಂತಿದ್ದೆ. ಕೂಗಾಡುತ್ತಾರೆ, ಪುಸ್ತಕ ಎಸೆಯುತ್ತಾರೆ ಎಂದುಕೊಂಡಿದ್ದೆ. ಬೆರಳಿಟ್ಟು ಒಂದೊಂದೇ ಸಾಲು ಓದಿ, ಪುಟ ತಿರುಗಿಸಿ, ಮತ್ತೆ ಹಿಂದಕ್ಕೆ ಬಂದು ಅದನ್ನೇ ಓದಿದರು. ಆಮೇಲೆ ಅಮ್ಮನನ್ನು ಕರೆದು, "ಉಪ್ಪಿನ ಡಬ್ಬಿಗೂ ನಾನು ಹಾಗಂತಿದ್ನಾ?" ಎಂದು ಕೇಳಿದರು. ಅಮ್ಮ "ಅಂತಿದ್ರಿ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಅಂದಿನಿಂದ ಅಪ್ಪ ಸಂಜೆ ಅಭಿಪ್ರಾಯ ಓದಿಸುತ್ತಿಲ್ಲ. ನಾನು ಹೇಳುವ ಯಾವ ತಮಾಷೆಗೂ ಈ ಮನೆಯಲ್ಲಿ ಈಗ ಗಿರಾಕಿಯಿಲ್ಲ.

ಇನ್ನು ನನ್ನ ಅಭಿಪ್ರಾಯ. ಚೀಫ್‌ನನ್ನು ಅವನ ಗೂಢಚಾರನ ಕೈಯಿಂದಲೇ ಕೊಲ್ಲಿಸಿ ಎಂದು ಬಹುತೇಕ ಎಲ್ಲರೂ ವೋಟು ಹಾಕಿದ್ದಾರೆ. ವೋಟು ಭಾನುವಾರಕ್ಕೆ ಮುಗಿಯುತ್ತದೆ. ನೀನು ಬರೆದಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ, ಆ ಮೇಜಿನ ಬಳಿ ನಾನೂ ಇದ್ದೆನಲ್ಲ. ಆದರೆ ಸಂಜೆ ಕಿವಿ ತಿರುಗಿಸಿ ಕೂರುತ್ತಿದ್ದ ಚೀಫ್‌ನನ್ನು ನೀನು ನೋಡಿಲ್ಲ, ನಿನ್ನ ಓದುಗರೂ ನೋಡಿಲ್ಲ. ಅವನು ಯಾವ ಅಧ್ಯಾಯದಲ್ಲೂ ಇಲ್ಲ. ಕೊಲ್ಲುವುದು ಬಿಡುವುದು ನಿನಗೆ ಬಿಟ್ಟಿದ್ದು. ಕಾದಂಬರಿಕಾರ ನೀನು, ನಾನು ಬರೀ ಸಪ್ಪೆ ಪಾತ್ರ.

ಬೆನ್ನು ನೋಡಿಕೋ, ಹೊತ್ತಿಗೆ ಸರಿಯಾಗಿ ತಿನ್ನು. ಅಮ್ಮನ ಆಶೀರ್ವಾದಗಳು ದಿಂಬಿನೊಳಗೆ ತುಂಬಿ ಬರುತ್ತಿವೆ.

ಇಂತು ನಿನ್ನ ವಿಧೇಯಳೂ ಅಧ್ಯಾಯ ಮೂರರಲ್ಲಿ ಬದುಕುಳಿದವಳೂ ಆದ,
ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ಅಪ್ಪ ಬಂದು ನನ್ನ ಫೋನ್ ಕೇಳಿದರು. ವೋಟು ಹಾಕುವುದು ಹೇಗೆ, ತೋರಿಸು ಎಂದರು. ತೋರಿಸಿದೆ. 'ಚೀಫ್ ಸಾಯಬೇಕು' ಎಂಬುದನ್ನು ಒತ್ತಿದರು. ನಾನು "ಯಾಕಪ್ಪಾ?" ಎಂದೆ. "ಎಲ್ರೂ ಅದನ್ನೇ ಕೇಳ್ತಿದಾರೆ. ನಾನು ಬೇಜಾರು ಮಾಡ್ಕೋತೀನಿ ಅಂತ ಅವನು ಕೈ ಕಟ್ಕೊಂಡು ಕೂರೋದು ಬೇಡ, ಬರೀಲಿ" ಎಂದರು. "ಅವನಿಗೆ ಹೇಳು" ಎಂದು ಮಾತ್ರ ಈ ಸಲ ಹೇಳಲಿಲ್ಲ. ಇದನ್ನು ನಾನಾಗೇ ಬರೆಯುತ್ತಿದ್ದೇನೆ. ಈಗ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಒಬ್ಬರೇ ಕೂತಿದ್ದಾರೆ. ಕಾದಂಬರಿ ಹಾಳಾಗಲಿ, ಈ ಕಾಗದ ಸಿಕ್ಕ ಕೂಡಲೇ ಫೋನ್ ಆನ್ ಮಾಡು. ನನ್ನ ನಂಬರಿಗೆ ಮಾಡಬೇಡ ಅಣ್ಣಾ, ಅಪ್ಪನದಕ್ಕೆ ಮಾಡು.