ಹರಿದ ಕಿವಿಯ ಕಾಡುಬೆಕ್ಕು

ಅಮ್ಮಾ,

ನಿನ್ನ ಕಾಡುಬೆಕ್ಕಿನ ಗುರುತು ಹಿಡಿದವರೊಬ್ಬರು ಇವತ್ತು ಟಂಕಸಾಲೆಗೆ ಬಂದಿದ್ದರು. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಅಳಿವಿನಂಚಿನ ಪ್ರಾಣಿಗಳ ಚಿನ್ನದ ನಾಣ್ಯಗಳನ್ನು ನೋಡಲು ಜನರನ್ನು ಒಳಗೆ ಬಿಟ್ಟಿದ್ದೆವು. ಕಿರುಬೆರಳ ಉಗುರಿನಷ್ಟಗಲದ ನಾಣ್ಯ, ಅದರಲ್ಲಿ ನೀನು ಕೆತ್ತಿದ ಇಡೀ ಬೆಕ್ಕು, ಮೀಸೆ ಸಮೇತ! ನೀನು ತೀರಿಕೊಂಡ ಮೇಲೆ ನಿನ್ನ ಸ್ಟೂಲಿನ ಮೇಲೆ ನಾನು ಕೂರುತ್ತಿದ್ದೇನೆ. ಅದೇ ಉಳಿ ಹಿಡಿದರೂ ನನ್ನ ಬೆಕ್ಕುಗಳು ಇಲಿಗಳಂತೆಯೇ ಕಾಣುತ್ತವೆ.

ನಿನ್ನ ಬೆಕ್ಕಿನ ಬಲಗಿವಿಯ ಆ ಸೀಳು ನೆನಪಿದೆಯಲ್ಲ? ಕೈ ಜಾರಿದೆ ಎಂದು ಮೇಲಧಿಕಾರಿ ಅಂದರು. ಕನ್ನಡಕ ಬದಲಿಸು ಎಂದು ನಾನಂದೆ. 'ಅದು ಇರೋದೇ ಹಾಗೆ' ಎಂದಷ್ಟೇ ಹೇಳಿ, ತಿದ್ದಲು ನಾಣ್ಯದ ಅಚ್ಚನ್ನು ನೀನು ಯಾರ ಕೈಗೂ ಕೊಡಲಿಲ್ಲ.

ಇವತ್ತು ಮೃಗಾಲಯದ ಕಾವಲುಗಾರರೊಬ್ಬರು ಭೂತಗನ್ನಡಿಯಲ್ಲಿ ನೋಡಿದವರೇ ಕೂಗಿಬಿಟ್ಟರು: 'ಅಯ್ಯೋ, ಇದು ನಮ್ಮ ಹರಕುಕಿವಿ ಅಲ್ವಾ! ಬೇಲಿ ತಂತಿಗೆ ಸಿಕ್ಕಿ ಹರಿದಿದ್ದು ಈ ಕಿವೀನೇ!'

ಅಚ್ಚಿನಲ್ಲಿ ಎಡಕ್ಕೆ ಕೆತ್ತಿದ್ದು ನಾಣ್ಯದಲ್ಲಿ ಬಲಕ್ಕೆ ಬೀಳುತ್ತದೆ. ಜಾರಿದ ಕೈಗೆ ಅಷ್ಟೆಲ್ಲ ಎಚ್ಚರ ಎಲ್ಲಿಂದ ಬರಬೇಕು?

'ಈಗ ಅದಿಲ್ಲ' ಎಂದರು ಆಮೇಲೆ, ಮೆಲ್ಲಗೆ. 'ಇದನ್ನ ಕೆತ್ತಿದ್ದು ಆ ಟಂಕಸಾಲೆ ಅಮ್ಮನೇ ಇರ್ಬೇಕು. ರಜೆ ದಿನ ಬಂದು ಬೋನಿನ ಮುಂದೆ ಕೂತೇ ಇರ್ತಿದ್ರು. ಮಗಳಿಗೆ ಬಿಡುವಾದಾಗ ಕರ್ಕೊಂಡು ಬರ್ತೀನಿ ಅಂತಿದ್ರು. ಪಾಪ, ಆ ಮಗಳಿಗೆ ಬಿಡುವೇ ಆಗ್ಲಿಲ್ವೇನೋ.'

ನಾನು ಭೂತಗನ್ನಡಿಯನ್ನು ಚೆನ್ನಾಗಿ ಒರೆಸಿ, 'ಇನ್ನೊಂದ್ಸಲ ನೋಡಿ' ಎಂದು ಅವರ ಕೈಗೆ ಕೊಟ್ಟೆ.